ಎರಡೂ ಕಾಲು ಸಮನಾಗಿರತಕ್ಕದ್ದು

ಸಂದರ್ಶನದ ಕೋಣೆಗೆ ಹೋದ ಪುಟ್ಟಿ ಎಡಗಾಲಿನ ಬೂಟು ಬಿಚ್ಚಿ ಪಕ್ಕಕ್ಕಿಟ್ಟು, ಮೂಲೆಯಲ್ಲಿದ್ದ ಮಂಚ ಹತ್ತಿ, ಅಂಗಾತ ಮಲಗಿಬಿಟ್ಟಳು.

ಬೇಕೆಂದು ಮಲಗಿದ್ದಲ್ಲ. ಮೇಜಿನ ಆಚೆಯಿಂದ ದೊಡ್ಡ ಮೇಷ್ಟ್ರು, "ಬಾಮ್ಮಾ ಬಾ, ಬೇಗ ಬೇಗ," ಅಂದರು. ಆ ದನಿ ಕಿವಿಗೆ ಬಿದ್ದರೆ ಅವಳ ಮೈ ಅವಳನ್ನು ಕೇಳುತ್ತಿರಲಿಲ್ಲ. ಲಂಗ ಹಾಕುವ ವಯಸ್ಸಿನಿಂದ ಅದೇ ಕೋಣೆಯಲ್ಲಿ, ಅದೇ ದನಿಗೆ, ಅದೇ ಮಂಚ ಹತ್ತಿ ರೂಢಿ. ಈಗ ಕೈಯಲ್ಲಿ ಪದವಿಯ ಫೈಲಿತ್ತು. ಮೈಮೇಲೆ ಇಸ್ತ್ರಿ ಮಾಡಿದ ಹೊಸ ಬಟ್ಟೆ ಇತ್ತು. ಎದುರಿಗೆ ಅವಳಿಗೆಂದೇ ಹಾಕಿದ ಕುರ್ಚಿಯೂ ಇತ್ತು. ಆದರೂ ಹೋಗಿ ಮಲಗಿದಳು. ಫೈಲನ್ನು ಎದೆಯ ಮೇಲಿಟ್ಟುಕೊಂಡು ಮಲಗಿದಳು.

ಮೇಲೆ ತಿರುಗುತ್ತಿದ್ದ ಫ್ಯಾನು ಕಂಡಾಗ ಅವಳಿಗೆ ಎಚ್ಚರವಾಯಿತು. ಅಯ್ಯೋ ನನ್ನ ಬುದ್ಧಿಗಿಷ್ಟು! ಮೇಜಿನ ಆಚೆ ಕೂತಿದ್ದವರು ಬಾಯಿ ತೆರೆದುಕೊಂಡು ನೋಡುತ್ತಿದ್ದರು. ಮೊದಲು ನಕ್ಕವಳು ಅವಳೇ. ಎದ್ದು ಕೂರಲು ಹೋದರೆ ನಗು ಬಿಡಲಿಲ್ಲ. ಮೊಣಕೈ ಊರಿದಳು, ಜಾರಿದಳು, ಮತ್ತೆ ನಕ್ಕಳು.

"ತಪ್ಪಾಯ್ತು ಸಾರ್. ಅಭ್ಯಾಸ ನೋಡಿ, ಅಭ್ಯಾಸ."

"ಏಳ್ಬೇಡ, ಏಳ್ಬೇಡ. ಹಾಗೇ ಇರು," ಅಂದರು ದೊಡ್ಡ ಮೇಷ್ಟ್ರು.

ದೊಡ್ಡ ಮೇಷ್ಟ್ರು ಎಂದರೆ ಆ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗದ ಮುಖ್ಯಸ್ಥರು. ಎತ್ತರದ ಆಳು, ದೊಡ್ಡ ಗಂಟಲು. ಕೆಟ್ಟವರಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಕೆಟ್ಟವರಲ್ಲದವರು ಏನು ಮಾಡುತ್ತಾರೆ ಎನ್ನುವುದನ್ನು ಈಗ ಕೇಳಿ. ಸಂದರ್ಶನಕ್ಕೆಂದು ಬಂದಿದ್ದ ಉಳಿದ ಮೇಷ್ಟ್ರುಗಳನ್ನು ಕೈಬೀಸಿ ಕರೆದರು. "ಬನ್ನಿ ಸಾರ್, ಬನ್ನಿ ಮೇಡಂ. ನಾನು ಹೇಳ್ತಿದ್ನಲ್ಲ ಎಡಗಾಲು, ಅದು ಇದೇ. ಇಂಥ ಕಾಲು ಈಗೆಲ್ಲ ನೋಡೋಕೆ ಸಿಗೋದಿಲ್ಲ."

ಅವರು ಬಂದರು. ಮಂಚದ ಸುತ್ತ ನಿಂತರು. ಒಬ್ಬರು ಎರಡು ಬೆರಳಲ್ಲಿ ಅವಳ ಮೀನಖಂಡ ಒತ್ತಿದರು, ಸಂತೆಯಲ್ಲಿ ಬದನೆಕಾಯಿ ಒತ್ತುವ ಹಾಗೆ. ಇನ್ನೊಬ್ಬರು ಪಾದ ಹಿಡಿದು ಆ ಕಡೆ ಈ ಕಡೆ ತಿರುಗಿಸಿ "ಬ್ಯೂಟಿಫುಲ್" ಅಂದರು. ಫೈಲು ಅವಳ ಎದೆಯ ಮೇಲೆ ಏರಿ ಇಳಿಯುತ್ತಿತ್ತು. ಅದನ್ನು ಯಾರೂ ಮುಟ್ಟಲಿಲ್ಲ. ಅವಳಿಗೆ ಮೈಯೆಲ್ಲ ಉರಿಯಿತು. ಆದರೂ ಹಾಳು ನಗು ನಿಲ್ಲಲಿಲ್ಲ.

ಎರಡು ವರ್ಷದ ಕೂಸಿದ್ದಾಗ ಬಂದ ಜ್ವರವೊಂದು ಆ ಎಡಗಾಲನ್ನು ತಿಂದು ಹೋಗಿತ್ತು. ಬಲಗಾಲಿಗಿಂತ ಗಿಡ್ಡ, ಸಣಕಲು. ಅಮ್ಮ ಅದೇ ಆಸ್ಪತ್ರೆಯ ಬಟ್ಟೆ ಒಗೆಯುವ ಮನೆಯಲ್ಲಿ ಕೆಲಸಕ್ಕಿದ್ದಳು. ರಕ್ತ ಕೀವಿನ ಹಾಸಿಗೆಬಟ್ಟೆಗಳನ್ನು ಕುದಿಯುವ ನೀರಿನಿಂದ ಎತ್ತಿ ಹಿಂಡುವ ಕೆಲಸ. ಮಗಳು ನಡೆಯಬೇಕಾದರೆ ಕಬ್ಬಿಣದ ಸರಳಿನ ಎತ್ತರದ ಬೂಟು ಬೇಕು. ಅದನ್ನು ಫಿಸಿಯೋಥೆರಪಿ ವಿಭಾಗ ಬಿಟ್ಟಿ ಕೊಟ್ಟಿತು. ಬಿಟ್ಟಿ ಎಂದರೆ ನೆಟ್ಟಗೆ ಬಿಟ್ಟಿಯಲ್ಲ. ಬೂಟು ಬೇಕಾದರೆ ಕಾಲು ಪರೀಕ್ಷೆಗೆ ಬರಬೇಕು.

ಅಲ್ಲಿನ ಹುಡುಗ ಹುಡುಗಿಯರು ಓದಿ ಪಾಸಾಗಲು ನಿಜವಾದ ಮೈಗಳು ಬೇಕಲ್ಲ. ಅಂಥ ಮೈಗಳಿಗೆ ಕೇಸು ಅನ್ನುತ್ತಾರೆ. ಪರೀಕ್ಷೆಯ ದಿನ ಬೆಳಿಗ್ಗೆ ಹೋಗಿ ಮಂಚದ ಮೇಲೆ ಮಲಗಬೇಕು. ಒಬ್ಬರಾದ ಮೇಲೊಬ್ಬರು ಬರುತ್ತಾರೆ. ಬಟ್ಟೆ ಮೇಲೆ ಸರಿಸುತ್ತಾರೆ, ಟೇಪು ಹಿಡಿಯುತ್ತಾರೆ, ಸುತ್ತಿಗೆಯಿಂದ ಮಂಡಿ ಕುಟ್ಟುತ್ತಾರೆ, ಬಗ್ಗದ ಕೀಲನ್ನು ಬಗ್ಗಿಸಿ ನೋಡುತ್ತಾರೆ. ಸಂಜೆ ಒಂದು ಬನ್ನು, ಒಂದು ಲೋಟ ಟೀ. ಆಮೇಲೆ ಎರಡು ದಿನ ಮಲಗಿದರೂ ನೋವು, ಕೂತರೂ ನೋವು. ಆ ಕಾಲನ್ನು ಹಿಡಿದು ಪಾಸಾದವರು ಈಗ ಊರೂರಲ್ಲಿ ಬೋರ್ಡು ಹಾಕಿಕೊಂಡಿದ್ದಾರೆ. ಅವರಿಗೆ ಅವಳ ಮುಖ ಗೊತ್ತಿಲ್ಲ. ಕಾಲು ತೋರಿಸಿದರೆ ಕೂಡಲೇ ಗುರುತು ಹಿಡಿಯುತ್ತಾರೆ.

ಆ ಮಂಚದ ಮೇಲೆ ಮಲಗಿದ್ದಾಗಲೇ ಪುಟ್ಟಿಗೆ ಈ ಕೆಲಸದ ಹುಚ್ಚು ಹಿಡಿದದ್ದು. ಬೇರೆ ಊರಿನ ಒಂದು ಬಡ ಕಾಲೇಜು ಅವಳನ್ನು ಏನೂ ಕೇಳದೆ ಸೇರಿಸಿಕೊಂಡಿತು. ಪದವಿ ಮುಗಿಸಿದಳು. ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಕೆಲಸ ಹಿಡಿದಳು. ಈಗ ದಿನವಿಡೀ ನಿಂತು ಬಿದ್ದವರನ್ನು ಎಬ್ಬಿಸುತ್ತಾಳೆ, ಎದ್ದವರನ್ನು ನಡೆಸುತ್ತಾಳೆ. ಆದರೆ ಸ್ನಾತಕೋತ್ತರ ಪದವಿ ಇಲ್ಲದಿದ್ದರೆ ಕೊನೆತನಕ ಇನ್ನೊಬ್ಬರ ಕೈಕೆಳಗೇ. ಆ ಕೋರ್ಸು ಇರುವುದು ಇಲ್ಲೊಂದೇ ಕಡೆ. ಸೇರಲು ವಯಸ್ಸಿನ ಮಿತಿ ಬೇರೆ ಇಟ್ಟಿದ್ದರು. ಅವಳ ಪಾಲಿಗೆ ಇದೇ ಕಡೆಯ ವರ್ಷ. ಸಿಕ್ಕರೆ ಈಗ ಸಿಗಬೇಕು, ಇಲ್ಲದಿದ್ದರೆ ಇಲ್ಲ.

ಅಂತೂ ಆ ದಿನ ಕಾಲು ನೋಡಿ ಮುಗಿದ ಮೇಲೆ ಅವಳನ್ನು ಕುರ್ಚಿಗೆ ಕರೆದರು. ಬೂಟು ಕಟ್ಟಿಕೊಂಡು ಬಂದು ಕೂತಳು. ದೊಡ್ಡ ಮೇಷ್ಟ್ರು ಫೈಲು ತಿರುವಿದರು.

"ಮಾರ್ಕು ಚೆನ್ನಾಗಿದೆ. ಕ್ಲಿನಿಕ್ಕಿನ ಅನುಭವ ಇದೆ. ಶಿಫಾರಸು ಪತ್ರ ಇದೆ. ಎಲ್ಲಾ ಸರಿ ಇದೆಯಮ್ಮ."

ಪುಟ್ಟಿ ಕುರ್ಚಿಯ ತುದಿಗೆ ಸರಿದು ಕೂತಳು.

"ಆದ್ರೆ ಪ್ರವೇಶದ ನಿಯಮ ಪೂರ್ತಿ ಓದ್ಕೊಂಡಿಲ್ಲ ನೀನು. ಕೊನೇದು ನೋಡು." ಕನ್ನಡಕ ಸರಿಪಡಿಸಿಕೊಂಡು ಓದಿದರು. "ಅಭ್ಯರ್ಥಿಯು ದೈಹಿಕವಾಗಿ ಸಂಪೂರ್ಣ ಸದೃಢರಾಗಿರತಕ್ಕದ್ದು. ಎರಡೂ ಕೈ, ಎರಡೂ ಕಾಲು ಸಮನಾಗಿರತಕ್ಕದ್ದು. ಈ ನಿಯಮ ನಾನೇ ಹಾಕಿಸಿದ್ದು, ಕೋರ್ಸಿಗೆ ಒಂದು ಘನತೆ ಇರಲಿ ಅಂತ. ರೋಗಿ ಕುಂಟ್ಕೊಂಡು ಬಂದ್ರೆ, ಡಾಕ್ಟ್ರೂ ಕುಂಟ್ಕೊಂಡು ಬಂದ್ರೆ, ನೋಡೋರು ಏನಂತಾರೆ?"

"ನಾನು ಈಗ್ಲೂ ಅದೇ ಕೆಲ್ಸ ಮಾಡ್ತಿದ್ದೀನಿ ಸಾರ್. ಯಾರೂ ಏನೂ ಅಂದಿಲ್ಲ."

"ಅದು ಸಣ್ಣ ಕ್ಲಿನಿಕ್ಕು. ಇದು ದೊಡ್ಡ ಸಂಸ್ಥೆ. ಬೇಜಾರು ಮಾಡ್ಕೋಬೇಡ." ಫೈಲು ಮುಚ್ಚಿ ಅವಳ ಕಡೆ ತಳ್ಳಿದರು. ಅವಳು ಎದ್ದಳು. ಬಾಗಿಲ ತನಕ ಹೋದಳು. ಆಗ ಹಿಂದಿನಿಂದ ಕೂಗಿದರು. "ಹಾಂ, ಅಂದಹಾಗೆ! ಬುಧವಾರ ನಮ್ಮ ಸ್ನಾತಕೋತ್ತರ ಹುಡುಗರ ಪರೀಕ್ಷೆ ಇದೆ. ಹೊರಗಿನ ಪರೀಕ್ಷಕರು ಬರ್ತಿದ್ದಾರೆ. ತಪ್ಪಿಸ್ಬೇಡ, ಬೇಗ ಬಂದ್ಬಿಡು. ನಿನ್ನ ಕಾಲಿಲ್ದೆ ಪರೀಕ್ಷೆ ಹೇಗೆ ನಡ್ಸೋದು?"

ಪುಟ್ಟಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಕೇಳಿದ್ದು ಸರಿಯೋ ಎಂದು ತಿರುಗಿ ನೋಡಿದಳು. ಅವರು ಆಗಲೇ ಮುಂದಿನ ಫೈಲು ತೆಗೆದಿದ್ದರು. ಮುಖದ ಮೇಲೆ ಒಂದಿಷ್ಟೂ ನಾಚಿಕೆ ಇರಲಿಲ್ಲ. ತಮಾಷೆ ಮಾಡಿದ್ದಲ್ಲ, ನಿಜವಾಗಿಯೇ ಅಂದಿದ್ದರು. ಓದಲು ಈ ಕಾಲು ಆಗುವುದಿಲ್ಲ. ಓದುವವರ ಕೈಗೆ ಕೊಡಲು ಈ ಕಾಲೇ ಬೇಕು.

ಅವಳಿಗೆ ಮತ್ತೆ ನಗು ಬಂತು. ವರಾಂಡದಲ್ಲಿ ನಕ್ಕಳು. ಮೆಟ್ಟಿಲ ಮೇಲೆ ಕೂತು ನಕ್ಕಳು. ಗಾಲಿಕುರ್ಚಿಯಲ್ಲಿ ಹೋಗುತ್ತಿದ್ದ ಮುದುಕರೊಬ್ಬರು ಏನಾಯ್ತಮ್ಮ ಎಂದು ಕೇಳಿದರೆ ಹೇಳಲಾಗದೆ ಕೈ ಆಡಿಸಿದಳು. ಅಳು ಬರಬೇಕಾದ ಜಾಗದಲ್ಲಿ ನಗು ಬರುತ್ತಿದೆ, ನನಗೇನೋ ಆಗಿದೆ ಎಂದು ಅವಳಿಗೇ ಹೆದರಿಕೆಯಾಯಿತು.

ಬಟ್ಟೆ ಒಗೆಯುವ ಮನೆಯಲ್ಲಿ ಹಬೆ ತುಂಬಿತ್ತು. ಅಮ್ಮ ಇನ್ನೊಬ್ಬಳ ಜೊತೆ ಒಂದು ಹಾಸಿಗೆಬಟ್ಟೆಯನ್ನು ಎರಡೂ ತುದಿ ಹಿಡಿದು ಹಿಂಡುತ್ತಿದ್ದಳು. ಮೊಣಕೈತನಕ ಚರ್ಮ ಬೆಂದು ಬೆಳ್ಳಗಾಗಿತ್ತು. ಮಗಳು ನಗುತ್ತ ಬಂದದ್ದು ನೋಡಿ ಬಟ್ಟೆ ಬಿಟ್ಟಳು.

"ಸಿಕ್ತಾ?"

"ಇಲ್ಲಮ್ಮ."

"ಮತ್ತೆ ಯಾಕೆ ಹಲ್ಲು ಕಿರೀತೀಯ?"

ಪುಟ್ಟಿ ಹೇಳಿದಳು. ಮಂಚ ಹತ್ತಿದ್ದು ಹೇಳಿದಳು. ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಬುಧವಾರದ ವಿಷಯ ಹೇಳಿದಾಗ ಸೆರಗು ಕೆಳಗೆ ಬಿತ್ತು.

"ಏನಂದ ಅವನು? ಇನ್ನೊಂದ್ಸಲ ಹೇಳು."

"ನಿನ್ನ ಕಾಲಿಲ್ದೆ ಪರೀಕ್ಷೆ ಹೇಗೆ ನಡ್ಸೋದು ಅಂದ್ರು."

"ಅವನ ಬಾಯಿಗೆ ಸೋಡಾಪುಡಿ ಹಾಕ! ಅವನ ಕೋಟು ಒಗ್ದೂ ಒಗ್ದೂ ನನ್ನ ಉಗುರು ಕಿತ್ತು ಹೋಯ್ತು. ಹೋಗ್ಬೇಡ ನೀನು. ಬೂಟು ವಾಪಸ್ ಬಿಸಾಕು. ನಾನು ನಿನ್ನನ್ನ ಬೆನ್ನ ಮೇಲೆ ಹೊತ್ಕೊಂಡು ತಿರುಗ್ತೀನಿ."

"ಹೋಗ್ದಿದ್ರೆ ಇನ್ಯಾರದೋ ಮಗಳ ಕಾಲು ಹುಡುಕ್ತಾರೆ ಅಷ್ಟೆ. ಹೋಗ್ತೀನಿ."

"ಹೋಗಿ ಏನು ಮಾಡ್ತೀಯ?"

"ಗೊತ್ತಿಲ್ಲ," ಅಂದಳು ಪುಟ್ಟಿ. ನಿಜಕ್ಕೂ ಗೊತ್ತಿರಲಿಲ್ಲ. ಮಲಗುವುದಂತೂ ಇಲ್ಲ ಎನ್ನುವುದಷ್ಟೇ ಗೊತ್ತಿತ್ತು.

ಬುಧವಾರ ಬೆಳಿಗ್ಗೆ ಕೇಸುಗಳನ್ನು ಎಂದಿನ ಹಾಗೆ ಹಿಂದಿನ ಕೋಣೆಯಲ್ಲಿ ಕೂರಿಸಿದ್ದರು. ಅದು ಮುರಿದ ಊರುಗೋಲು, ಗಾಳಿ ಹೋದ ಚೆಂಡು, ತುಕ್ಕು ಹಿಡಿದ ಸೈಕಲ್ಲುಗಳನ್ನು ತುಂಬಿದ ಕೋಣೆ. ಅವುಗಳ ನಡುವೆ ಒಂದು ಉದ್ದ ಬೆಂಚು. ಬೆಂಚಿನ ಮೇಲೆ ಭುಜ, ಕುತ್ತಿಗೆ, ಸೊಂಟ. ಮೇಷ್ಟ್ರುಗಳು ಇಟ್ಟ ಹೆಸರು, ಇವರೂ ಒಬ್ಬರನ್ನೊಬ್ಬರು ಹಾಗೇ ಕರೆದುಕೊಳ್ಳುತ್ತಿದ್ದರು. ಭುಜ ಗೋಡೆಗೆ ಬಣ್ಣ ಬಳಿಯುವವನು, ಏಣಿಯಿಂದ ಬಿದ್ದ ಮೇಲೆ ಅವನ ಬಲಗೈ ಕಿವಿಯಿಂದ ಮೇಲೆ ಏಳದು. ಕುತ್ತಿಗೆ ಹೊಲಿಗೆಯ ಹೆಂಗಸು, ತಲೆ ಎತ್ತಿದರೆ ಕತ್ತಿನಲ್ಲಿ ಕಟಕಟ ಸದ್ದು. ಸೊಂಟ ಗೋದಾಮಿನಲ್ಲಿ ಮೂಟೆ ಹೊತ್ತವನು, ಬಾಗಿಲ ತುಂಬ ಮೈ, ನಡು ಮಾತ್ರ ಬಾಗಿಹೋಗಿದೆ.

ಪರೀಕ್ಷೆಗೆ ಮುಂಚೆ ಹುಡುಗರು ಆ ಕೋಣೆಗೆ ಕದ್ದು ಬರುವುದು ಪದ್ಧತಿ. ಆ ದಿನವೂ ಕನ್ನಡಕದ ಹುಡುಗನೊಬ್ಬ ಬೆವರುತ್ತ ಬಂದ. "ಅಣ್ಣ, ನೀವೇ ನನಗೆ ಬಂದ್ರೆ ಸ್ವಲ್ಪ ನೋಡ್ಕೊಳ್ಳಿ. ತಪ್ಪಿದ್ರೆ ಕೆಮ್ಮಿ," ಎಂದು ಸೊಂಟನ ಮಂಡಿ ಮುಟ್ಟಿ ಹೋದ. ಕೆಮ್ಮುವುದು ಅಲ್ಲಿನ ಗುಟ್ಟು. ಹುಡುಗ ತಪ್ಪು ಜಾಗ ಒತ್ತಿದರೆ ಕೇಸು ಕೆಮ್ಮಬೇಕು. ಹಾಗೆ ಎಷ್ಟೋ ಜನ ಪಾಸಾಗಿದ್ದರು. ಒಮ್ಮೆ ಸೊಂಟನಿಗೆ ನಿಜವಾದ ನೆಗಡಿ ಬಂದು, ಒಬ್ಬ ಜಾಣ ಹುಡುಗ ಸರಿಯಾದದ್ದನ್ನೆಲ್ಲ ಬದಲಾಯಿಸಿಕೊಂಡು ಫೇಲಾಗಿದ್ದ.

ಪುಟ್ಟಿ ಬಂದು ಬೆಂಚಿನ ತುದಿಯಲ್ಲಿ ಕೂತಳು. ನಡೆದದ್ದನ್ನು ಹೇಳಿದಳು. ನಿಯಮದ ಸಾಲನ್ನು ದೊಡ್ಡ ಮೇಷ್ಟ್ರ ದನಿಯಲ್ಲೇ ಹೇಳಿದಳು. ಕುತ್ತಿಗೆ ನಕ್ಕಳು. ಭುಜ ನಕ್ಕ. ಸೊಂಟ ನಗಲಿಲ್ಲ.

"ಸಮನಾಗಿರತಕ್ಕದ್ದು," ಎಂದು ಒಮ್ಮೆ ಹೇಳಿ ನೋಡಿದ. "ಮೂಟೆ ಹೊರೋವಾಗ ನನ್ನ ಸೊಂಟ ಸಮ ಇತ್ತು. ಆವಾಗ ಯಾರೂ ಅಳೀಲಿಲ್ಲ. ಬಗ್ಗಿದ ಮೇಲೆ ಟೇಪು ತಗೊಂಡು ಬಂದ್ರು ಮಕ್ಕಳು."

"ಈಗೇನು ಮಾಡೋದು?" ಅಂದ ಭುಜ. "ಎದ್ದು ಹೋಗೋಣ್ವಾ?"

"ಬನ್ನು ಕೊಟ್ಟಿಲ್ಲ ಇನ್ನೂ," ಅಂದಳು ಕುತ್ತಿಗೆ. ಆಮೇಲೆ ಅವಳೇ ತಲೆ ಓರೆ ಮಾಡಿ ಯೋಚಿಸಿದಳು. "ಅಲ್ಲಾ, ಹುಡುಗರು ಮಂಚದ ಹತ್ರ ಬಂದ ತಕ್ಷಣ ಏನೋ ಕೇಳ್ತಾರಲ್ಲ. ನಿಮ್ಮನ್ನು ಪರೀಕ್ಷೆ ಮಾಡಬಹುದೇ, ನಿಮ್ಮ ಒಪ್ಪಿಗೆ ಇದೆಯೇ ಅಂತ. ಅದಕ್ಕೆ ನಾವು ಯಾವತ್ತಾದ್ರೂ ಉತ್ತರ ಕೊಟ್ಟಿದ್ದೀವಾ?"

ಯಾರಿಗೂ ನೆನಪಾಗಲಿಲ್ಲ. ಕೇಳಬೇಕು ಎಂದು ಪುಸ್ತಕದಲ್ಲಿದೆ. ಕೇಳಿದರೆ ಮಾರ್ಕು ಇದೆ. ಹುಡುಗರು ಗಿಣಿಪಾಠದ ಹಾಗೆ ಕೇಳುತ್ತಾರೆ, ಕೇಳುತ್ತಲೇ ಬಟ್ಟೆ ಸರಿಸುತ್ತಾರೆ. ಉತ್ತರಕ್ಕೆ ಮಾರ್ಕು ಇಲ್ಲ. ಹಾಗಾಗಿ ಉತ್ತರವೂ ಇಲ್ಲ.

ಪುಟ್ಟಿಯ ಹೊಟ್ಟೆಯೊಳಗಿಂದ ನಗು ಮೇಲೆದ್ದಿತು. ಕುತ್ತಿಗೆಯ ಮುಖ ನೋಡಿದಳು. ಭುಜನ ಮುಖ ನೋಡಿದಳು. ನಾಲ್ವರಿಗೂ ಒಟ್ಟಿಗೇ ಹೊಳೆಯಿತು. ಭುಜ ಬೆಂಚು ಗುದ್ದಿ ನಕ್ಕ, ಗುದ್ದಿದ ಕೈ ನೋಯಿತು, ಅದಕ್ಕೂ ನಕ್ಕ. ಸೊಂಟ ಈಗ ನಕ್ಕ. ಅವನು ನಕ್ಕರೆ ಬೆಂಚು ಅಲುಗಾಡುತ್ತಿತ್ತು. ಹೊರಗಿನಿಂದ ಆಯಾ ಬಂದು, "ಶ್! ಒಳಗೆ ಪರೀಕ್ಷೆ!" ಎಂದು ಗದರಿ ಹೋದಳು.

ಹೊರಗಿನ ಪರೀಕ್ಷಕಿ ಬಂದರು. ಇನ್ನೊಂದು ಊರಿನವರು, ಸಣ್ಣ ದೇಹ, ಬಿಳಿ ಕೂದಲು, ಕೈಯಲ್ಲೊಂದು ಪ್ರಯಾಣದ ಚೀಲ. ಬಂದವರೇ ಮೊದಲು ಹೇಳಿದ್ದು, "ನನಗೆ ಸಂಜೆ ರೈಲಿದೆ. ಬೇಗ ಮುಗಿಸೋಣ."

ಮೊದಲ ಮಂಚದ ಮೇಲೆ ಭುಜ. ಕನ್ನಡಕದ ಹುಡುಗ ಬಂದು ನಿಂತ. ಕೈ ಜೋಡಿಸಿದ. "ನಮಸ್ಕಾರ, ನಿಮ್ಮನ್ನು ಪರೀಕ್ಷೆ ಮಾಡಬಹುದೇ, ನಿಮ್ಮ ಒಪ್ಪಿಗೆ ಇದೆಯೇ," ಎಂದು ಒಂದೇ ಉಸಿರಿಗೆ ಹೇಳಿ ಅಂಗಿಯ ಗುಂಡಿಗೆ ಕೈ ಹಾಕಿದ.

"ಇಲ್ಲ," ಅಂದ ಭುಜ.

ಹುಡುಗನ ಕೈ ಗುಂಡಿಯ ಮೇಲೇ ನಿಂತಿತು. ಅವನು ಪರೀಕ್ಷಕಿಯ ಕಡೆ ನೋಡಿದ. ಪರೀಕ್ಷಕಿ ದೊಡ್ಡ ಮೇಷ್ಟ್ರ ಕಡೆ ನೋಡಿದರು. ದೊಡ್ಡ ಮೇಷ್ಟ್ರು ಭುಜನ ಕಡೆ ನೋಡಿದರು. ಭುಜ ಫ್ಯಾನಿನ ಕಡೆ ನೋಡಿದ.

"ಏನಂದ್ರಿ?" ಅಂದ ಹುಡುಗ.

"ಒಪ್ಪಿಗೆ ಇಲ್ಲ ಅಂದೆ. ಕೇಳಿದ್ಯಲ್ಲಪ್ಪ, ಹೇಳಿದೆ. ಕೈ ತೆಗಿ."

ಹುಡುಗ ಅಭ್ಯಾಸದಂತೆ ಕೆಮ್ಮಿಗಾಗಿ ಕಾದ. ಕೆಮ್ಮೂ ಬರಲಿಲ್ಲ. ದೊಡ್ಡ ಮೇಷ್ಟ್ರು ಹಲ್ಲು ಕಿರಿದು, "ತಮಾಷೆ ಮಾಡ್ತಾನೆ ಮೇಡಂ. ಮುಂದಿನ ಕೇಸಿಗೆ ಹೋಗೋಣ," ಅಂದರು.

ಮುಂದಿನ ಕೇಸು ಕುತ್ತಿಗೆ. ಒಬ್ಬಳು ಎತ್ತರದ ಹುಡುಗಿ ಬಂದು ಹೆದರಿ ಹೆದರಿ ಕೇಳಿದಳು. ಕುತ್ತಿಗೆ ಬಹಳ ಮರ್ಯಾದೆಯಿಂದ, "ಕೇಳಿದ್ದಕ್ಕೆ ಸಂತೋಷ ಕಣಮ್ಮ. ಆದ್ರೆ ಬೇಡ," ಅಂದಳು. ಅದರ ಮುಂದಿನವನು ಸೊಂಟ. ಅವನು ಹುಡುಗ ಬಾಯಿ ತೆರೆಯುವ ಮುಂಚೆಯೇ, "ಇಲ್ಲ! ಇಲ್ಲ! ಇಲ್ಲ!" ಎಂದು ಕೂಗಿದ. ಅವನಿಗೆ ಅಷ್ಟು ವರ್ಷ ಕಾದು ಕಾದು ಸಾಕಾಗಿತ್ತೋ ಏನೋ. ಕೂಗಿದ ರುಚಿ ಹತ್ತಿ ಇನ್ನೆರಡು ಸಲ ಕೂಗಿದ.

ಕೊನೆಯ ಮಂಚ ಖಾಲಿ ಇತ್ತು. ಪುಟ್ಟಿ ಅದರ ಪಕ್ಕದಲ್ಲಿ ನಿಂತಿದ್ದಳು. ಬೂಟು ಕಾಲಲ್ಲೇ ಇತ್ತು.

"ಏನಮ್ಮ ಇದೆಲ್ಲ? ಮಲಗು," ಅಂದರು ದೊಡ್ಡ ಮೇಷ್ಟ್ರು.

ಅವಳ ಮೈ ಒಮ್ಮೆ ಮಂಚದ ಕಡೆ ವಾಲಿತು. ಹಾಳು ಮೈ. ಅವಳು ಬಲಗಾಲು ಒತ್ತಿ ನಿಂತಳು.

"ಮಲಗೋದಿಲ್ಲ ಸಾರ್."

"ಯಾಕೆ?"

"ಈ ಕಾಲು ನಿಮ್ಮ ಕೋರ್ಸಿಗೆ ಆಗಲ್ಲ ಅಂತ ನೀವೇ ಹೇಳಿದ್ರಿ. ಆಗದ ಕಾಲು ಹಿಡ್ಕೊಂಡು ನಿಮ್ಮ ಹುಡುಗರು ಯಾಕೆ ಪಾಸಾಗ್ಬೇಕು?"

ಪರೀಕ್ಷಕಿ ಗಡಿಯಾರ ನೋಡಿಕೊಂಡು, "ಏನು ವಿಷಯ? ಚಿಕ್ಕದಾಗಿ ಹೇಳಿ," ಅಂದರು. ಪುಟ್ಟಿ ಚಿಕ್ಕದಾಗಿಯೇ ಹೇಳಿದಳು. ಪದವಿ ಇದೆ, ಮಾರ್ಕು ಇದೆ, ಅನುಭವ ಇದೆ, ಕಾಲು ಗಿಡ್ಡ ಇದೆ. ಓದಲು ಬೇಡ ಅಂದರು, ಮಲಗಲು ಬಾ ಅಂದರು. ಹೇಳುವಾಗ ನಗು ಬರಲಿಲ್ಲ.

"ರೂಲ್ಸು ಮೇಡಂ," ಅಂದರು ದೊಡ್ಡ ಮೇಷ್ಟ್ರು. "ಎರಡೂ ಕಾಲು ಸಮ ಇರ್ಬೇಕು. ನಾಳೆ ರೋಗಿ ಬಿದ್ದ ಅಂದ್ಕೊಳ್ಳಿ. ಇವಳು ಎತ್ತೋದು ಹೇಗೆ?"

ಧಡಾರ್ ಎಂದು ಸದ್ದಾಯಿತು. ಸೊಂಟ ಮಂಚದಿಂದ ಕೆಳಗೆ ಉರುಳಿದ್ದ. ನೆಲದ ಮೇಲೆ ಅಂಗಾತ ಬಿದ್ದುಕೊಂಡು ಎದೆಯ ಮೇಲೆ ಕೈ ಕಟ್ಟಿದ. "ಬಿದ್ದೆ ಸಾರ್. ನಿಮ್ಮ ಕಾಲು ಸಮ ಇದೆಯಲ್ಲ, ಎತ್ತಿ."

ದೊಡ್ಡ ಮೇಷ್ಟ್ರು ಅವನ ಕಂಕುಳಿಗೆ ಕೈ ಹಾಕಿ ಎಳೆದರು. ಮೂಟೆ ಹೊತ್ತ ಮೈ ಅದು. ಜಗ್ಗಲಿಲ್ಲ. ಇಬ್ಬರು ಹುಡುಗರು ಬಂದು ಕಾಲು ಹಿಡಿದರು. ಸೊಂಟನಿಗೆ ಕಚಗುಳಿ ಜಾಸ್ತಿ. ಹೋ ಎಂದು ನಗುತ್ತ ಒದ್ದಾಡಿದ. ಮೂವರೂ ಅವನ ಮೇಲೇ ಬಿದ್ದರು. ಕುತ್ತಿಗೆ ನಗುವ ಭರದಲ್ಲಿ ತಲೆ ಹಿಂದಕ್ಕೆ ಎತ್ತಿ, ಕಟಕಟ ಅನ್ನಿಸಿಕೊಂಡು, "ಅಯ್ಯಮ್ಮಾ" ಎಂದು ಮತ್ತೆ ನಕ್ಕಳು.

"ನೀನು ಎತ್ತಿ ತೋರಿಸು ನೋಡೋಣ," ಅಂದರು ಪರೀಕ್ಷಕಿ ಪುಟ್ಟಿಗೆ.

"ತೋರಿಸೋದಿಲ್ಲ ಮೇಡಂ. ಬೇರೆ ಯಾರ ಸಂದರ್ಶನದಲ್ಲೂ ಎತ್ತಿ ತೋರಿಸು ಅಂದಿಲ್ಲ. ಸೀಟು ಕೊಡಿ, ದಿನಾ ಎತ್ತುತ್ತೀನಿ."

ಪರೀಕ್ಷಕಿ ಅವಳನ್ನು ಮೇಲಿಂದ ಕೆಳಗೆ ನೋಡಿದರು. ಬೈಯುತ್ತಾರೆ ಎಂದು ಪುಟ್ಟಿ ಅಂದುಕೊಂಡಳು. ಅವರು ಬೈಯಲಿಲ್ಲ. ಅವರಿಗೆ ನ್ಯಾಯಕ್ಕಿಂತ ರೈಲಿನ ಚಿಂತೆ ಹೆಚ್ಚಾಗಿತ್ತು. "ಕೇಸು ಇಲ್ದೆ ಪರೀಕ್ಷೆ ನಿಲ್ಸೋಕಾಗೋಲ್ಲ," ಎಂದು ಹುಡುಗರ ಕಡೆ ತಿರುಗಿದರು. "ನೀವೇ ಒಬ್ಬರನ್ನೊಬ್ಬರು ಪರೀಕ್ಷೆ ಮಾಡ್ಕೊಳ್ಳಿ. ಕಾಲಿನ ಉದ್ದ ಅಳೆಯೋದು. ಎರಡೂ ಕಾಲು. ಒಪ್ಪಿಗೆ ಕೇಳ್ಕೊಂಡು. ಶುರು ಮಾಡಿ."

ಶುರುವಾಯಿತು. ಪ್ಯಾಂಟುಗಳು ಮೇಲೇರಿದವು. ಮಂಚಗಳು ಸಾಲದೆ ನೆಲದ ಮೇಲೆ ಮಲಗಿದರು. ಟೇಪುಗಳು ಸೊಂಟದ ಮೂಳೆಯಿಂದ ಕಣಕಾಲಿನ ಗಂಟಿಗೆ ಓಡಿದವು. ತಣ್ಣಗಿದೆ ಎಂದು ಒಬ್ಬ ಕಿರುಚಿದ. ಇನ್ನೊಬ್ಬನ ಕಾಲ್ಚೀಲದಲ್ಲಿ ದೊಡ್ಡ ತೂತಿತ್ತು, ಅದನ್ನು ಮುಚ್ಚಲು ಕಾಲು ಮಡಿಸಿದ, ಅಳತೆ ತಪ್ಪಿತು. ಎಲ್ಲರ ಎದುರಿಗೆ ಬಟ್ಟೆ ಸರಿಸಿಕೊಂಡು ಮಲಗುವುದೆಂದರೆ ಏನೆಂದು ಅವರಿಗೆ ಗೊತ್ತಿರಲಿಲ್ಲ. ಕೇಸುಗಳು ಗೋಡೆ ಪಕ್ಕದ ಬೆಂಚಿನಲ್ಲಿ ಸಾಲಾಗಿ ಕೂತು ನೋಡಿದರು.

"ಮೇಡಂ, ಇವನ ಎಡಗಾಲು ಗಿಡ್ಡ ಬರ್ತಿದೆ," ಅಂದಳು ಎತ್ತರದ ಹುಡುಗಿ.

"ಸರಿಯಾಗಿ ಅಳಿ."

"ಮೂರು ಸಲ ಅಳ್ದೆ ಮೇಡಂ. ಬೆರಳಷ್ಟು ಗಿಡ್ಡ."

"ಇವಳ ಬಲಗಾಲು ಗಿಡ್ಡ ಮೇಡಂ," ಅಂದ ಅವಳಿಂದ ಅಳೆಸಿಕೊಂಡವನು, ಸೇಡಿಗೆ ಅವಳನ್ನು ಅಳೆದು.

"ನಂದೂ!" "ಇವನದೂ!" "ಅಯ್ಯೋ, ನಂದು ಅರ್ಧ ಬೆರಳು!" ಕೋಣೆಯ ನಾಲ್ಕೂ ಕಡೆಯಿಂದ ಕೂಗು ಬಂತು. ಕನ್ನಡಕದ ಹುಡುಗ ತನ್ನ ಕಾಲುಗಳನ್ನು ಈಗಷ್ಟೇ ಕಂಡವನ ಹಾಗೆ ಒಂದಾದ ಮೇಲೊಂದು ನೋಡಿಕೊಂಡ. ನೆಟ್ಟಗೆ ಸಮ ಇರುವ ಒಂದು ಜೊತೆ ಕಾಲು ಆ ಕೋಣೆಯಲ್ಲಿ ಸಿಗಲಿಲ್ಲ. ಪರೀಕ್ಷಕಿ ತಾವೂ ಬಗ್ಗಿ ಇಬ್ಬರನ್ನು ಅಳೆದರು. ಎದ್ದು ನಿಂತು, "ಎಲ್ರಿಗೂ ಒಂದಿಷ್ಟು ಹೆಚ್ಚುಕಡಿಮೆ ಇದ್ದೇ ಇರುತ್ತೆ. ನನಗೂ ಇದೆ," ಅಂದರು. ಆಮೇಲೆ ನಿಧಾನವಾಗಿ ದೊಡ್ಡ ಮೇಷ್ಟ್ರ ಕಡೆ ತಿರುಗಿದರು. "ಸಮ ಅಂತ ನಿಯಮ ಹಾಕಿದ್ರಲ್ಲ. ಇವರನ್ನೆಲ್ಲ ಸೇರಿಸ್ಕೊಳ್ಳೋವಾಗ ಅಳೆದಿದ್ರಾ?"

"ಅಳೆಯೋದು ಯಾಕೆ ಮೇಡಂ? ನೋಡಿದ್ರೆ ಗೊತ್ತಾಗೋದಿಲ್ವಾ?"

"ನೋಡಿ ಗೊತ್ತಾಗ್ಲಿಲ್ವಲ್ಲ."

ಹುಡುಗರಲ್ಲಿ ಗುಸುಗುಸು ಎದ್ದಿತು. ಕನ್ನಡಕದ ಹುಡುಗನ ಮುಖ ಬಿಳಚಿಕೊಂಡಿತು. "ಸಾರ್, ಹಾಗಾದ್ರೆ ನಮ್ಮ ಪ್ರವೇಶಾನೂ ನಿಯಮದ ಪ್ರಕಾರ ಆಗಿಲ್ವಾ?"

ಎತ್ತರದ ಹುಡುಗಿ ಟೇಪು ಹಿಡಿದು ದೊಡ್ಡ ಮೇಷ್ಟ್ರ ಮುಂದೆ ಹೋಗಿ ನಿಂತಳು. ಎಲ್ಲಿಂದ ಧೈರ್ಯ ಬಂತೋ. ಬಹುಶಃ ನಕ್ಕೂ ನಕ್ಕೂ ಹೆದರಿಕೆ ಹೊರಟು ಹೋಗಿತ್ತು. ಕೈ ಜೋಡಿಸಿದಳು. "ನಮಸ್ಕಾರ ಸಾರ್. ನಿಮ್ಮನ್ನು ಪರೀಕ್ಷೆ ಮಾಡಬಹುದೇ? ನಿಮ್ಮ ಒಪ್ಪಿಗೆ ಇದೆಯೇ?"

ದೊಡ್ಡ ಮೇಷ್ಟ್ರು ಮಂಚ ನೋಡಿದರು. ಟೇಪು ನೋಡಿದರು. ತಮ್ಮ ಇಸ್ತ್ರಿ ಪ್ಯಾಂಟು ನೋಡಿಕೊಂಡರು. ಅಷ್ಟೂ ಕಣ್ಣುಗಳು ಅವರ ಕಾಲ ಮೇಲಿದ್ದವು. ಅವರ ಮುಖ ಕತ್ತಿನಿಂದ ಕಿವಿತನಕ ಕೆಂಪೇರಿತು.

"ಇಲ್ಲ!" ಎಂದು ಕೂಗಿದರು.

ಬೆಂಚಿನಲ್ಲಿ ಕೂತಿದ್ದ ಸೊಂಟ ಪಕ್ಕಕ್ಕೆ ಸರಿದು ಜಾಗ ಮಾಡಿದ. ಅಂಗೈಯಿಂದ ಬೆಂಚು ಒರೆಸಿದ. "ಬನ್ನಿ ಸಾರ್, ಕೂತ್ಕೊಳ್ಳಿ. ನೀವೂ ನಮ್ಮ ಕಡೆ ಆದ್ರಿ."

ಆಮೇಲೆ ಆ ಕೋಣೆಯಲ್ಲಿ ಆದದ್ದನ್ನು ನಗು ಅನ್ನಲಾಗದು. ಹುಡುಗರು ನೆಲದ ಮೇಲೆ ಹೊರಳಿದರು. ಭುಜ ಎರಡೂ ಕೈಯೆತ್ತಿ ಚಪ್ಪಾಳೆ ಹೊಡೆಯಲು ಹೋಗಿ ಒಂದೇ ಕೈ ಮೇಲೇರಿ ಗಾಳಿಗೆ ಹೊಡೆದ. ಆಯಾ ಗದರಲು ಬಂದವಳು ಬಾಗಿಲಲ್ಲೇ ಕುಸಿದು ಕೂತು ನಕ್ಕಳು. ಪರೀಕ್ಷಕಿ ಚೀಲದಲ್ಲಿ ಮುಖ ಅಡಗಿಸಿಕೊಂಡರು, ಚೀಲ ಅಲುಗಿತು. ಪುಟ್ಟಿ ಮಂಚ ಹಿಡಿದು ನಕ್ಕಳು. ಇಷ್ಟು ವರ್ಷ ಆ ಮಂಚದ ಮೇಲೆ ನುಂಗಿಕೊಂಡದ್ದೆಲ್ಲ ಆಚೆ ಬರುವ ಹಾಗೆ ನಕ್ಕಳು.

ನಗದೆ ನಿಂತಿದ್ದವರು ದೊಡ್ಡ ಮೇಷ್ಟ್ರೊಬ್ಬರೇ. ಪರೀಕ್ಷಕಿ ಕಣ್ಣೊರೆಸಿಕೊಂಡು, "ನಡೆದದ್ದನ್ನ ನಡೆದ ಹಾಗೆ ವರದೀಲಿ ಬರೀತೀನಿ. ಆ ನಿಯಮ ಇದ್ರೆ ಇವರ್ಯಾರೂ ಇಲ್ಲಿರೋ ಹಾಗಿಲ್ಲ. ಬೇಗ ಹೇಳಿ, ನಿಯಮ ಇರುತ್ತೋ, ಹುಡುಗರು ಇರ್ತಾರೋ?" ಅಂದರು. ಹುಡುಗರು ಎದ್ದು ಬಂದು ಮೇಷ್ಟ್ರನ್ನು ಮುತ್ತಿದರು. ಅವರ ಕಳಕಳಿಯೆಲ್ಲ ತಮ್ಮ ತಮ್ಮ ಪದವಿಯ ಮೇಲಿತ್ತು. ಇರಲಿ. ಕೂಗಿದ್ದು ಮಾತ್ರ ಪುಟ್ಟಿಗೆ ಬೇಕಾದದ್ದನ್ನೇ. "ತೆಗೀರಿ ಸಾರ್! ಆ ಸಾಲು ತೆಗೀರಿ!"

ಎಲ್ಲರೂ ವರಾಂಡಕ್ಕೆ ನುಗ್ಗಿದರು. ಪ್ರವೇಶದ ನಿಯಮಗಳನ್ನು ಅಲ್ಲಿ ಗೋಡೆಗೆ ಅಂಟಿಸಿದ್ದರು. ದೊಡ್ಡ ಮೇಷ್ಟ್ರು ಪೆನ್ನು ತೆಗೆದು ಕೊನೆಯ ಸಾಲಿನ ಮೇಲೆ ಗೀಟು ಎಳೆದರು. ಪುಟ್ಟಿ ಹತ್ತಿರ ಹೋಗಿ ನೋಡಿದಳು.

"ಕಾಣ್ತಿದೆ ಸಾರ್ ಇನ್ನೂ. ಓದೋಕೆ ಬರುತ್ತೆ."

ಅವರು ಇನ್ನೊಂದು ಗೀಟು ಎಳೆದರು. ಮತ್ತೊಂದು ಎಳೆದರು. ಕಾಗದ ಹರಿದು ಹಿಂದಿನ ಸುಣ್ಣ ಕಂಡಿತು.

"ಸೋಮವಾರ ಕ್ಲಾಸಿಗೆ ಬಾ," ಅಂದರು, ಅವಳ ಮುಖ ನೋಡದೆ. "ಸಹಿ ಇವತ್ತೇ ಹಾಕ್ತೀನಿ."

ಆಗ ಪುಟ್ಟಿಯ ನಗು ನಿಂತಿತು. ಎಷ್ಟೋ ದಿನದಿಂದ ತಡೆದಿದ್ದ ಅಳು ಬಂತು. ಸಂಕೋಚವಿಲ್ಲದೆ, ಮೂಗು ಸೋರುವ ಹಾಗೆ ಅತ್ತಳು. ಕುತ್ತಿಗೆ ಬಂದು ಅವಳ ಹೆಗಲು ಬಳಸಿದಳು. ಸೊಂಟ, "ಅಳ್ಬೇಡ ಕಣೇ, ನನಗೂ ಬರುತ್ತೆ," ಎಂದು ಗೋಡೆಯ ಕಡೆ ತಿರುಗಿದ.

ದೊಡ್ಡ ಮೇಷ್ಟ್ರು ಹೋಗಲಿಲ್ಲ. ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ನಿಂತಿದ್ದರು. ಏನೋ ತಲೆ ತಿನ್ನುತ್ತಿತ್ತು. ಕೊನೆಗೆ ಕೇಳಿಯೇ ಬಿಟ್ಟರು. ಕುಹಕ ಇರಲಿಲ್ಲ, ನಿಜವಾದ ಚಿಂತೆ.

"ಅಲ್ಲಮ್ಮ, ಎಲ್ಲಾ ಸರಿ. ಆದ್ರೆ ಮುಂದಿನ ವರ್ಷದ ಪರೀಕ್ಷೆಗೆ ಎಡಗಾಲಿಗೆ ಏನು ಮಾಡೋದು?"

ಪುಟ್ಟಿ ಕೈಯ ಹಿಂಬದಿಯಿಂದ ಮೂಗು ಒರೆಸಿಕೊಂಡಳು.

"ಯಾರನ್ನಾದ್ರೂ ಕೇಳಿ ಸಾರ್," ಅಂದಳು. "ಕೇಳಿ, ಬಾಯಿ ಮುಚ್ಕೊಂಡು ಉತ್ತರಕ್ಕೆ ಕಾಯಿರಿ."